ಆಮೆನ್ ಹೇಳುವವರೆಗೆ

ಆ ಭಾನುವಾರ ಆ ಕೋಣೆಯಲ್ಲಿ ಕಣ್ಣು ತೆರೆದುಕೊಂಡಿದ್ದವಳು ನಾನೊಬ್ಬಳೇ. ಹದಿನಾಲ್ಕು ಮಕ್ಕಳು ಚಾಪೆಯ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದರು. ನಾನು ನಿಂತು ನೋಡುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡಬೇಕು. ಆಮೇಲೆ ಈ ಘಟನೆಯನ್ನು ಹೇಳಿದವರೆಲ್ಲ ಮಕ್ಕಳ ಮುಚ್ಚಿದ ಕಣ್ಣುಗಳನ್ನು ಹೊಗಳಿದರು. ತೆರೆದಿದ್ದ ಕಣ್ಣುಗಳು ಏನು ಮಾಡುತ್ತಿದ್ದವು ಎಂದು ಯಾರೂ ಕೇಳಲಿಲ್ಲ.

ನಮ್ಮ ಸಭೆ ಕೂಡುತ್ತಿದ್ದುದು ಪೀಣ್ಯದ ಒಳರಸ್ತೆಯೊಂದರ ಹಳೆಯ ಕಟ್ಟಡದಲ್ಲಿ. ಮೇಲೆ ಶೀಟು ಹೊದಿಸಿದ ಹಾಲ್, ಅಲ್ಲಿ ದೊಡ್ಡವರ ಆರಾಧನೆ. ಕೆಳಗೆ ಮೆಟ್ಟಿಲಿನ ಪಕ್ಕದ ಸಣ್ಣ ಕೋಣೆಯಲ್ಲಿ ನಮ್ಮ ಸಂಡೇ ಸ್ಕೂಲ್. ಕೋಣೆಯ ಹಿಂದಿನ ಗೋಡೆಯ ಆಚೆ ಒಂದು ಪ್ಲೇಟಿಂಗ್ ಘಟಕ, ಬೋಲ್ಟು ಹ್ಯಾಂಡಲ್‌ಗಳಿಗೆ ಹೊಳಪಿನ ಲೇಪ ಕೊಡುವ ಜಾಗ. ಭಾನುವಾರ ಅಲ್ಲಿ ಕೆಲಸ ನಿಲ್ಲುತ್ತಿದ್ದುದರಿಂದ ನಾವು ಆ ಗೋಡೆಯ ಆಚೆ ಏನೂ ಇಲ್ಲ ಎನ್ನುವಂತೆ ಇದ್ದೆವು. ಕೋಣೆಗೆ ಇದ್ದ ಒಂದೇ ಕಿಟಕಿಯನ್ನು ನಾನೇ ಮುಚ್ಚಿಸಿದ್ದೆ. ಅದರ ಮೇಲೆ ನಕ್ಷತ್ರಗಳ ಚಾರ್ಟು ಅಂಟಿಸಿದ್ದೆ. ಪ್ರಾರ್ಥನೆ ಮುಗಿಯುವವರೆಗೂ ಕಣ್ಣು ತೆಗೆಯದ ಮಗುವಿಗೆ ವಾರಕ್ಕೊಂದು ನಕ್ಷತ್ರ.

ಬಾಗಿಲಿಗೆ ಹೊರಗಿನಿಂದ ಚಿಲಕ. ಅದನ್ನು ಹಾಕುತ್ತಿದ್ದವರು ಸಭೆಯ ಹಿರಿಯರೊಬ್ಬರು. ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು, ಪಕ್ಕದ ರಾಜಗೋಪಾಲನಗರ ಇನ್ನೂ ತೋಟವಾಗಿದ್ದಾಗಿನಿಂದ ಅಲ್ಲಿಯೇ ಇದ್ದವರು. ಒಮ್ಮೆ ಒಂದು ಮಗು ಅಮ್ಮ ಬೇಕೆಂದು ಓಡಿ ರಸ್ತೆಗೇ ಹೋಗಿ, ಹಿಂದಕ್ಕೆ ಬರುತ್ತಿದ್ದ ಲಾರಿಯ ಚಕ್ರಕ್ಕೆ ಒಂದು ಮೊಳ ಅಂತರದಲ್ಲಿ ಉಳಿದಿತ್ತು. ಅಂದಿನಿಂದ ಆ ಚಿಲಕ. ಅದರ ಸದ್ದು ಕೇಳಿದರೆ ನನಗೂ ನೆಮ್ಮದಿಯೇ ಆಗುತ್ತಿತ್ತು, ಸುಳ್ಳು ಹೇಳಬಾರದು.

ಪ್ರಾರ್ಥನೆಯ ಕ್ರಮ ಮಾತ್ರ ನನ್ನದೇ ಕಲ್ಪನೆ. ವಾರಕ್ಕೊಂದು ಮಗು ಮುಂದಾಳು. ಉಳಿದವರು ಒಬ್ಬೊಬ್ಬರಾಗಿ ಅದರ ಕಿವಿಯಲ್ಲಿ ತಮ್ಮ ಬೇಡಿಕೆ ಹೇಳಬೇಕು. ಮುಂದಾಳು ಎಲ್ಲರ ಹೆಸರನ್ನೂ ಬೇಡಿಕೆಯನ್ನೂ ನೆನಪಿನಿಂದ ದೇವರಿಗೆ ಒಪ್ಪಿಸಬೇಕು. ಒಂದೂ ಬಿಡಬಾರದು. ಎಲ್ಲ ಮುಗಿದ ಮೇಲೆ ಮುಂದಾಳು ಆಮೆನ್ ಹೇಳುವವರೆಗೆ ಯಾರೂ ಕಣ್ಣು ತೆಗೆಯುವಂತಿಲ್ಲ, ಅಲ್ಲಾಡುವಂತಿಲ್ಲ, ನಾನೂ ನಡುವೆ ಮಾತಾಡುವಂತಿಲ್ಲ. ಇನ್ನೊಬ್ಬರ ಕಷ್ಟವನ್ನು ಹೊತ್ತುಕೊಳ್ಳುವುದೇ ವಿಶ್ವಾಸದ ಮೊದಲ ಪಾಠ ಎಂದು ನಾನು ನಂಬಿದ್ದೆ. ಈಗಲೂ ನಂಬುತ್ತೇನೆ, ಅದೇ ತೊಂದರೆ.

ಬೇಡಿಕೆಗಳು ಕೇಳುವಂತಿರುತ್ತಿದ್ದವು. ಓನರ್ ಆಂಟಿ ದಿನಾ ನೀರು ಬಿಡಲಿ. ಅಪ್ಪನಿಗೆ ನೈಟ್ ಶಿಫ್ಟ್ ಬರದಿರಲಿ. ನಮ್ಮ ಬೀದಿ ನಾಯಿಯ ಮರಿಯನ್ನು ಯಾರೋ ಒಯ್ದಿದ್ದಾರೆ, ಅವರ ಮನಸ್ಸು ಬದಲಾಗಲಿ. 

ಇಷ್ಟೆಲ್ಲ ಇದ್ದರೂ ನನಗೊಂದು ಕೊರಗಿತ್ತು. ಮೇಲಿನ ಹಾಲಿನಲ್ಲಿ ದೊಡ್ಡವರು ವಾರವಾರ ಕೈಯೆತ್ತಿ ಅಳುತ್ತಿದ್ದರು. ಸಂಡೇ ಸ್ಕೂಲ್ ಶಿಕ್ಷಕರ ತರಬೇತಿಗೆ ಹೋದಾಗ ಬೇರೆ ಸಭೆಯವರು ತಮ್ಮ ಮಕ್ಕಳು ಪ್ರಾರ್ಥನೆಯಲ್ಲಿ ಹೇಗೆ ಕಣ್ಣೀರಿಟ್ಟರು ಎಂದು ಹೇಳುತ್ತಿದ್ದರು. ನನ್ನ ಮಕ್ಕಳು ಎಂದೂ ಅತ್ತಿರಲಿಲ್ಲ. ಹಸಿವಾಗಿದೆ ಎಂದು ಅಳುತ್ತಿದ್ದರು, ಪೆನ್ಸಿಲ್ ಕದ್ದರು ಎಂದು ಅಳುತ್ತಿದ್ದರು. ದೇವರ ಮುಂದೆ ಮಾತ್ರ ಒಣಗಿದ ಕಣ್ಣು. ಎಂಟು ವರ್ಷ ಕಲಿಸಿಯೂ ಇವರ ಎದೆ ಮುಟ್ಟಲಾಗಲಿಲ್ಲವಲ್ಲ ಎಂದು ನಾನು ಬಸ್ಸಿನಲ್ಲಿ ಕುಳಿತು ಯೋಚಿಸುತ್ತಿದ್ದುದುಂಟು.

ಆ ಭಾನುವಾರದ ಮುಂದಾಳು ಏಳು ವರ್ಷದ ಒಬ್ಬ ಹುಡುಗಿ. ಯಾದಗಿರಿ ಕಡೆಯವರು. ಅಪ್ಪ ಕಟ್ಟಡದ ಕೆಲಸಕ್ಕೆ ಊರೂರು ತಿರುಗುತ್ತಿದ್ದ. ಅಮ್ಮ ಒಂದು ಕಂಪನಿಯಲ್ಲಿ ಹೌಸ್‌ಕೀಪಿಂಗ್. ಭಾನುವಾರವೂ ಬೆಳಗಿನ ಪಾಳಿ ಇದ್ದುದರಿಂದ ಮಗಳನ್ನು ಪಕ್ಕದ ಮನೆಯವರ ಜೊತೆ ಕಳಿಸಿ ತಾನು ಯಾವಾಗಲೂ ತಡವಾಗಿಯೇ ಬರುತ್ತಿದ್ದಳು. ಹಿರಿಯರು ಅವಳನ್ನು ಮೆಟ್ಟಿಲ ಮೇಲೆ ಹಿಡಿದು ಕೇಳುತ್ತಿದ್ದರು.

“ಏನಮ್ಮ, ಆರಾಧನೆಗ್ ಬಂದ್ಯಾ, ಊಟಕ್ ಬಂದ್ಯಾ?”

“ಪರಲೋಕಕ್ಕೂ ನಾ ತಡಾ ಮಾಡೇ ಬರಾಕಿ ಬಿಡ್ರಿ. ನೀವ್ ಮುಂದ್ ಹೋಗಿ ಜಾಗಾ ಹಿಡೀರಿ,” ಎಂದು ಅವಳು ಮೇಲೆ ಹೋಗುತ್ತಿದ್ದಳು.

ಹುಡುಗಿ ಮೊಣಕಾಲೂರಿದಳು. ಹದಿಮೂರು ಬೇಡಿಕೆಗಳನ್ನು ಬೆರಳಲ್ಲಿ ಎಣಿಸಿಕೊಂಡು ಶುರು ಮಾಡಿದಳು. ನಾಲ್ಕನೆಯದಕ್ಕೆ ಬಂದಾಗ ನನ್ನ ಮೂಗಿಗೆ ಬ್ಲೀಚಿಂಗ್ ಪೌಡರ್ ವಾಸನೆ ಬಂತು. ಭಾನುವಾರ ಬೆಳಿಗ್ಗೆ ಶೌಚಾಲಯ ತೊಳೆಯಲು ಅದನ್ನು ಹಾಕುತ್ತಿದ್ದರು, ಅದೇ ಇರಬೇಕು ಎಂದುಕೊಂಡೆ. ನಾನು ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿದವಳು. ವಾರದ ಆರು ದಿನ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕುಳಿತು ದ್ರಾವಣಗಳನ್ನು ಪರೀಕ್ಷಿಸುತ್ತೇನೆ. ಯಾವ ವಾಸನೆ ಎಷ್ಟು ಇದ್ದರೆ ಎದ್ದು ಹೊರಗೆ ಹೋಗಬೇಕೆಂದು ಹೊಸಬರಿಗೆ ಹೇಳಿಕೊಡುವುದೂ ನನ್ನ ಕೆಲಸ.

ಐದನೆಯ ಬೇಡಿಕೆಯ ಹೊತ್ತಿಗೆ ಮುಂದಿನ ಸಾಲಿನ ಪುಟ್ಟ ಮಗುವಿನ ಕೆನ್ನೆ ಮೇಲೆ ನೀರು ಇಳಿಯಿತು. ಕಣ್ಣು ಬಿಗಿಯಾಗಿ ಮುಚ್ಚಿತ್ತು, ರೆಪ್ಪೆಯ ಸಂದಿನಿಂದ ಇಳಿಯುತ್ತಿತ್ತು. ಪಕ್ಕದವನಿಗೂ. ಅವನ ಪಕ್ಕದವಳಿಗೂ. ಸಾಲಿಗೆ ಸಾಲೇ ಅಳುತ್ತಿತ್ತು.

ನನ್ನ ಮೈ ಜುಮ್ಮೆಂದಿತು. ಸ್ತೋತ್ರ ಸ್ವಾಮಿ, ಎಂದುಕೊಂಡೆ. ಕೊನೆಗೂ ಮುಟ್ಟಿದೆ ಎಂದುಕೊಂಡೆ.

ಅದನ್ನು ಎಷ್ಟು ಹೊತ್ತು ನೋಡುತ್ತ ನಿಂತೆನೋ ಗೊತ್ತಿಲ್ಲ. ಒಂದು ನಿಮಿಷ ಇರಬಹುದು, ಎರಡು ಇರಬಹುದು. ನನ್ನ ತಲೆಯಲ್ಲಿ ಅದು ದಿನಕ್ಕೊಂದು ಅಳತೆಯಾಗುತ್ತದೆ. ಹುಡುಗಿ ಕೆಮ್ಮಿದಳು. ಕೆಮ್ಮುತ್ತಲೇ ಆರನೆಯದನ್ನು ಹೇಳಿದಳು. ಇನ್ನಿಬ್ಬರು ಕೆಮ್ಮಿದರು. ಕಣ್ಣು ಮಾತ್ರ ಯಾರೂ ತೆಗೆಯಲಿಲ್ಲ. ಯಾರೋ ಕೈಯಿಂದ ಬಾಯಿ ಮುಚ್ಚಿಕೊಂಡು ಕೆಮ್ಮನ್ನು ನುಂಗಿದರು, ಪ್ರಾರ್ಥನೆಗೆ ಅಡ್ಡಿಯಾಗಬಾರದೆಂದು. ಮುಂದಿನ ಸಾಲಿನ ಆ ಪುಟ್ಟ ಮಗು ಕುಳಿತಲ್ಲೇ ವಾಂತಿ ಮಾಡಿಕೊಂಡಿತು. ಆಗ ನಾನು ಅದನ್ನು ಎತ್ತಿಕೊಳ್ಳಲು ಬಗ್ಗಿದೆ. ಬಗ್ಗಿದಾಗ ಗೊತ್ತಾಯಿತು. ನನ್ನ ಸೊಂಟದಿಂದ ಕೆಳಗೆ ಗಾಳಿಯೇ ಬೇರೆಯಿತ್ತು. ಗಂಟಲು ಸುಟ್ಟುಹೋಯಿತು. ಕ್ಲೋರಿನ್ ಗಾಳಿಗಿಂತ ಭಾರ, ಅದು ನೆಲ ಹಿಡಿದು ಹರಡುತ್ತದೆ, ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆದಿದ್ದೇನೆ. ಮಕ್ಕಳು ನೆಲದ ಮೇಲಿದ್ದರು. ನಾನು ನಿಂತಿದ್ದೆ.

ರಜೆಯ ದಿನ ಪ್ಲೇಟಿಂಗ್ ಘಟಕದ ತೊಟ್ಟಿ ತೊಳೆಯಲು ಬಂದ ಯಾರೋ ಆಸಿಡ್ಡನ್ನು ಬ್ಲೀಚ್ ದ್ರವ ಸುರಿದಿದ್ದ ಗುಂಡಿಗೇ ಬಿಟ್ಟಿದ್ದರಂತೆ. ಗೋಡೆಯ ಬುಡದಲ್ಲಿ ಹಳೆಯ ಪೈಪು ಹಾದುಹೋಗಿದ್ದ ತೂತಿನಿಂದ ಅದು ನಮ್ಮ ಕಡೆ ಬಂದಿತ್ತು. ಇದೆಲ್ಲ ಆಮೇಲೆ ತಿಳಿದದ್ದು.

“ಏಳಿ, ಎದ್ದೇಳಿ ಎಲ್ಲಾರೂ,” ಎಂದೆ. ಮಕ್ಕಳು ಏಳಲಿಲ್ಲ. ಹುಡುಗಿಯ ಬಾಯಲ್ಲಿ ಏಳನೆಯ ಹೆಸರಿತ್ತು. ಆಮೆನ್ ಆಗಿರಲಿಲ್ಲ. ನಡುವೆ ನಾನು ಮಾತಾಡಿ ಅವರನ್ನು ಪರೀಕ್ಷಿಸುತ್ತಿದ್ದೇನೆ ಎಂದು ತಿಳಿದರಂತೆ, ಹಿಂದೊಮ್ಮೆ ಹಾಗೆ ಮಾಡಿದ್ದೆ ಕೂಡ. ಭುಜ ಹಿಡಿದು ಎಳೆದು ಎಬ್ಬಿಸಬೇಕಾಯಿತು. ಬಾಗಿಲು ತಳ್ಳಿದೆ, ಚಿಲಕ. ಬಡಿದೆ. ಮೇಲೆ ಡ್ರಮ್ಸ್, ಚಪ್ಪಾಳೆ, ಹಾಡು. ಕಿಟಕಿಯ ಚಾರ್ಟು ಹರಿದೆ, ಕಿಟಕಿಗೆ ಮೊಳೆ ಹೊಡೆದಿತ್ತು. ಅದನ್ನೂ ನಾನೇ ಹೇಳಿ ಹೊಡೆಸಿದ್ದು. ಮಕ್ಕಳು ಆಗ ನಿಜವಾಗಿ ಅಳುತ್ತಿದ್ದರು.

ಹೊರಗಿನಿಂದ ಚಿಲಕ ಸರಿಯಿತು. ತಡವಾಗಿ ಬಂದ ಆ ತಾಯಿ, ಕಂಪನಿಯ ನೀಲಿ ಸಮವಸ್ತ್ರದಲ್ಲೇ ಇದ್ದಳು.

“ಯಾಕ್ರಿ, ಏನಾತ್ರಿ?” ಎಂದವಳು ಉತ್ತರಕ್ಕೆ ಕಾಯಲಿಲ್ಲ. ಮಕ್ಕಳನ್ನು ಇಬ್ಬಿಬ್ಬರಂತೆ ಎಳೆದು ರಸ್ತೆಗೆ ಹಾಕಿದಳು. ಅವಳ ಮಗಳು ಕೊನೆಗೆ ಸಿಕ್ಕಳು, ಮೂಲೆಯಲ್ಲಿ ಇನ್ನೂ ಮೊಣಕಾಲೂರಿಕೊಂಡು.

ಯಾರೂ ಸಾಯಲಿಲ್ಲ. ಹೆಚ್ಚಿನ ಮಕ್ಕಳು ಸಂಜೆಗೆ ಮನೆಗೆ ಹೋದರು. ಆ ಹುಡುಗಿ ಐದು ದಿನ ಆಸ್ಪತ್ರೆಯಲ್ಲಿದ್ದಳು. ಈಗಲೂ ಚಳಿಗಾಲದಲ್ಲಿ ಬಾಯಿಗೆ ಪಂಪು ಇಟ್ಟುಕೊಂಡು ಉಸಿರೆಳೆದುಕೊಳ್ಳುತ್ತಾಳೆ.

ಅಂದು ಹಿರಿಯರು ರಸ್ತೆಯಲ್ಲೇ ಕುಳಿತು ತಲೆ ಬಡಿದುಕೊಂಡು ಅತ್ತರು. ಅದನ್ನು ಮರೆಯಬಾರದು. ಆದರೆ ಎರಡು ವಾರದ ನಂತರ ನಾನು ದೂರು ಕೊಡೋಣ ಎಂದಾಗ ಅವರ ಸ್ವರ ಬೇರೆಯಾಗಿತ್ತು.

“ನೋಡಮ್ಮ, ಆ ಯುನಿಟ್ಟೂ ಓನರ್‌ದೇ, ಈ ಬಿಲ್ಡಿಂಗೂ ಅವ್ನ್ದೇ. ನಾವು ಕಂಪ್ಲೇಂಟ್ ಕೊಟ್ರೆ ನಾಳೇನೇ ಖಾಲಿ ಮಾಡಿ ಅಂತಾನೆ. ಪೇಪರ್‌ಗೆ ಬಂತು ಅಂದ್ರೆ ಇಲ್ಲಿ ಚರ್ಚ್ ಯಾಕೆ ಅಂತ ಬೇರೆ ಜನ ಬಂದು ನಿಂತ್ಕೋತಾರೆ. ಬೇಕಾ ಅದು?”

ನಾವು ದೂರು ಕೊಡಲಿಲ್ಲ. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ.

ಆಮೇಲೆ ಮಾತು ಬೇರೆ ರೂಪ ಪಡೆಯಿತು. ಮೊದಲು ಅದು ದುರಂತ ತಪ್ಪಿದ ಸುದ್ದಿಯಾಗಿತ್ತು. ನಂತರ ಸಭೆಯ ಮುಂದೆ ನಿಂತು ದೇವರ ಉಪಕಾರ ಹೇಳುವ ಸಾಕ್ಷಿಯಾಯಿತು. ವಿಷದ ಗಾಳಿ ಬಂದಾಗ ಮಕ್ಕಳು ಪ್ರಾರ್ಥನೆಯಲ್ಲಿದ್ದರು, ಒಬ್ಬರೂ ಕಣ್ಣು ತೆಗೆಯಲಿಲ್ಲ, ಆದ್ದರಿಂದ ವಿಷ ಅವರನ್ನು ಮುಟ್ಟಲಿಲ್ಲ. ಚಿಲಕ ಆ ಸಾಕ್ಷಿಯಲ್ಲಿ ಇರಲಿಲ್ಲ. ತಡವಾಗಿ ಬಂದ ಹೆಂಗಸೂ ಇರಲಿಲ್ಲ. ಬೇರೆ ಸಭೆಗಳಿಂದ ಬಂದವರು ನನ್ನ ಕೈ ಹಿಡಿದು, “ಎಂಥಾ ಮಕ್ಕಳನ್ನ ಬೆಳೆಸಿದ್ದೀರ ಸಿಸ್ಟರ್,” ಎಂದರು. ನಾನು ಕೈ ಬಿಡಿಸಿಕೊಂಡು ಟೀ ತರುವ ನೆಪದಲ್ಲಿ ಹೋಗುತ್ತಿದ್ದೆ.

ವರ್ಷಕ್ಕೊಮ್ಮೆ ಮಕ್ಕಳ ಭಾನುವಾರ ಮಾಡುತ್ತೇವೆ. ಅಂದು ಮಕ್ಕಳೇ ವೇದಿಕೆ ಮೇಲೆ. ಮರುವರ್ಷ ಆ ಹುಡುಗಿಯೇ ಸಾಕ್ಷಿ ಹೇಳಬೇಕೆಂದು ತೀರ್ಮಾನವಾಯಿತು. ಬರೆದ ಕಾಗದವನ್ನು ಹಿರಿಯರು ನನಗೆ ಕೊಟ್ಟರು, ಅವಳಿಗೆ ಬಾಯಿಪಾಠ ಮಾಡಿಸಲು. ರಾಜಗೋಪಾಲನಗರದಲ್ಲಿ ಅವರು ಬಾಡಿಗೆಗಿದ್ದ ಕೋಣೆಗೆ ಹೋದೆ. ತಾಯಿ ರೊಟ್ಟಿ ಬಡಿಯುತ್ತಿದ್ದಳು. ಹುಡುಗಿ ಕಾಗದ ಓದಿದಳು, ಅರ್ಧಕ್ಕೆ ನಿಲ್ಲಿಸಿದಳು.

“ಟೀಚರ್, ನಾ ಆಮೆನ್ ಅನ್ನಲೇ ಇಲ್ಲರಿ.”

“ಗೊತ್ತು ಪುಟ್ಟ.”

“ಏಳನೇದ್ಕ ನಿಲ್ಲಿಸಿಬಿಟ್ನಿ. ಅವ್ರದೆಲ್ಲಾ ಹಂಗ ಉಳೀತು. ಅದಕ್ಕ ಹುಡುಗ್ರಿಗೆ ಆರಾಮಿಲ್ದಂಗಾತೇನ್ರಿ?”

ರೊಟ್ಟಿ ಬಡಿಯುವ ಸದ್ದು ನಿಂತಿತು. ಒಂದು ವರ್ಷ ಈ ಮಗು ಇದನ್ನು ಯಾರಿಗೂ ಹೇಳದೆ ಹೊತ್ತಿತ್ತು. ಇನ್ನೊಬ್ಬರ ಕಷ್ಟ ಹೊತ್ತುಕೊಳ್ಳುವುದನ್ನು ನಾನೇ ಕಲಿಸಿದ್ದೆನಲ್ಲ.

ಅಲ್ಲೇ ಹೇಳಿದೆ. ನೀನು ತಪ್ಪು ಮಾಡಿಲ್ಲ, ನಾನು ಮಾಡಿದ್ದು ಎಂದೆ. ನನ್ನ ಕಣ್ಣು ತೆರೆದೇ ಇತ್ತು, ನಿಮ್ಮ ಕಣ್ಣಲ್ಲಿ ನೀರು ಬರುವುದನ್ನು ನೋಡಿದೆ, ದೇವರು ಮುಟ್ಟಿದ್ದಾನೆಂದು ತಿಳಿದು ಸುಮ್ಮನೆ ನಿಂತೆ. ಆಗಲೇ ಎಬ್ಬಿಸಿದ್ದರೆ ನಿನಗೆ ಪಂಪು ಬೇಕಾಗುತ್ತಿರಲಿಲ್ಲ. ಇನ್ನು ಮುಂದೆ ಉಸಿರು ಕಟ್ಟಿದರೆ, ಹೆದರಿಕೆಯಾದರೆ, ಯಾವ ಪ್ರಾರ್ಥನೆಯೇ ಇರಲಿ, ಕಣ್ಣು ತೆಗಿ, ಎದ್ದು ಓಡು. ದೇವರು ಬೈಯುವುದಿಲ್ಲ.

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಮಾತಾಡಿದ್ದು ತಾಯಿ.

“ನೀವ್ ನೋಡಾಕತ್ತಿದ್ರಿ?”

“ಹೂಂ.”

“ಅಳೂದ್ ನೋಡಿ ನಿಮಗ್ ಖುಷಿ ಆತು?”

ಅದಕ್ಕೂ ಹೂಂ ಎಂದೆ. ಅವಳು ಹೆಂಚಿನ ಮೇಲೆ ಕಪ್ಪಾಗುತ್ತಿದ್ದ ರೊಟ್ಟಿ ತೆಗೆದು ಪಕ್ಕಕ್ಕಿಟ್ಟಳು. “ಹೋಗಿ ಬರ್ರಿ ಟೀಚರ್,” ಎಂದಳು. ಊಟ ಮಾಡಿಕೊಂಡು ಹೋಗಿ ಎಂದು ಅವಳು ಹೇಳದ ದಿನ ಅದೊಂದೇ.

ಹಿರಿಯರಿಗೆ ಕಾಗದ ಹಿಂದಕ್ಕೆ ಕೊಟ್ಟು, ಸಾಕ್ಷಿಯನ್ನು ನಾನೇ ಹೇಳುತ್ತೇನೆ, ಚಿಲಕವನ್ನೂ ಸೇರಿಸಿ, ಎಂದೆ. ಅವರು ಬಹಳ ಹೊತ್ತು ಕಾಗದ ಮಡಿಸಿದರು.

“ನಿನ್ ಮನ್ಸು ಇನ್ನೂ ಸರಿಹೋಗಿಲ್ಲ ಮಗಳೇ. ಮಕ್ಕಳ ವಿಶ್ವಾಸ ಅಲ್ಲಾಡಿಸ್ಬೇಡ. ಸ್ವಲ್ಪ ದಿನ ಕ್ಲಾಸ್ ಬಿಟ್ಟು ರೆಸ್ಟ್ ತಗೋ.”

ಆ ತಿಂಗಳಿಂದ ತರಗತಿ ಬೇರೆಯವರದು. ಮಕ್ಕಳ ಭಾನುವಾರ ಹಾಲಿನಲ್ಲಿ ಹಿಂದೆ ಕುಳಿತಿದ್ದೆ. ಅದೇ ಕಾಗದವನ್ನು ಬೇರೊಂದು ಮಗು ಒಂದಕ್ಷರ ತಪ್ಪದೆ ಒಪ್ಪಿಸಿತು. ವಿಷದ ಗಾಳಿ ಬಂದ ಭಾನುವಾರ ಆ ಮಗು ಜ್ವರ ಬಂದು ಮನೆಯಲ್ಲಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ತಾಯಿ ಮಗಳು ಆಗಷ್ಟೇ ಬಂದರು, ಎಂದಿನಂತೆ ತಡವಾಗಿ. ತಾಯಿ ಒಂದು ಚಪ್ಪಲಿಯನ್ನು ಹೊರಗೆ ಬಿಟ್ಟಳು, ಇನ್ನೊಂದನ್ನು ಬಾಗಿಲು ಮುಚ್ಚಿಕೊಳ್ಳದಂತೆ ಅದರ ಕೆಳಗೆ ಒತ್ತಿ ಸಿಕ್ಕಿಸಿದಳು.

“ಚಪ್ಪಲಿ ಆಚೆ ಬಿಡಮ್ಮ, ದೇವ್ರ ಸನ್ನಿಧಿ,” ಎಂದರು ಹಿರಿಯರು ಮೆಲ್ಲಗೆ.

“ಇರ್ಲಿ ಬಿಡ್ರಿ.”

ಪ್ರಾರ್ಥನೆ ಮಾಡೋಣ ಎಂದಾಗ ಎಲ್ಲರ ತಲೆ ಬಗ್ಗಿತು. ನಾನು ಕಣ್ಣು ಮುಚ್ಚುವುದಿಲ್ಲ, ಮುಚ್ಚಲಾರೆ, ಆದ್ದರಿಂದ ಕಂಡಿತು. ಹುಡುಗಿ ತಿರುಗಿ ಬಾಗಿಲು ನೋಡಿದಳು. ಗಾಳಿಯನ್ನು ಎರಡು ಸಲ ಮೂಸಿದಳು. ಕಣ್ಣು ಮುಚ್ಚಿದಳು, ತೆರೆದಳು, ಚಪ್ಪಲಿ ಅಲ್ಲೇ ಇದೆಯೇ ಎಂದು ಮತ್ತೆ ನೋಡಿದಳು. ಎಲ್ಲರೂ ಆಮೆನ್ ಎನ್ನುವವರೆಗೂ ಹಾಗೆಯೇ ಮುಚ್ಚುತ್ತ ತೆರೆಯುತ್ತ ಕುಳಿತಿದ್ದಳು.