ತಿಗಣೆ ಭಾವನ ಬಾಟಲಿ

ನನ್ನ ಅಕ್ಕನ ಗಂಡ ಕಂಡವರ ಹಾಸಿಗೆಗೆ ಮೂಗಿಟ್ಟು ಬದುಕಿದವನು. ಇದು ಬೈಗುಳವಲ್ಲ, ಅವನ ಕಸುಬೇ ಅದು. ತಿಗಣೆ ಬಿದ್ದ ಮನೆಗೆ ಹೋದರೆ ಮೊದಲು ಮೂಸುತ್ತಿದ್ದ. ತಿಗಣೆಗೆ ಒಂದು ವಾಸನೆಯಿದೆ, ಕೊಳೆತ ಹಣ್ಣಿಗೆ ಹಳೆಯ ಬೆವರು ಸೇರಿದಂಥದು. ಊರವರು ಅವನನ್ನು ತಿಗಣೆಯವನು ಎನ್ನುತ್ತಿದ್ದರು. ನಾನು ತಿಗಣೆ ಭಾವ ಎಂದೆ. ಅವನು ನಕ್ಕ, ಹೆಸರು ಅಂಟಿಕೊಂಡಿತು.

ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ಮಂಚದ ಒಂದೊಂದೇ ಸ್ಕ್ರೂ ಬಿಚ್ಚಿ, ತೂತಿನೊಳಗೆ ಬಗ್ಗಿಸಿದ ತಂತಿ ಆಡಿಸಿ, ಹಾಸಿಗೆಯ ಹೊಲಿಗೆಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು, ಕುದಿನೀರು ಹೊಯ್ದು, ಕೊನೆಗೆ ತಾನೇ ಕಾಸಿದ ಕಪ್ಪು ಎಣ್ಣೆ ಬಳಿಯುತ್ತಿದ್ದ. ಹತ್ತು ದಿನ ಬಿಟ್ಟು ಅದೇ ಮನೆಗೆ ಮತ್ತೆ ಹೋಗುತ್ತಿದ್ದ. ಎಲ್ಲ ಸತ್ತುಹೋಗಿವೆ, ಮತ್ತೆ ಯಾಕೆ ಬಂದೆ ಎಂದು ಜನ ಬಾಗಿಲಲ್ಲೇ ತಡೆದರೆ, ಸತ್ತದ್ದು ಅಪ್ಪ ಅಮ್ಮ, ಮಕ್ಕಳು ಇನ್ನೂ ಮೊಟ್ಟೆಯಲ್ಲಿವೆ ಎನ್ನುತ್ತಿದ್ದ. ಕಸುಬಿರುವುದೇ ಎರಡನೇ ಸಲದಲ್ಲಿ ಎಂದು ಅವನ ನಂಬಿಕೆ. ಅವನು ಎರಡು ಸಲ ಹೋದ ಮನೆಗೆ ಮೂರನೇ ಸಲ ಹೋಗುವ ಪ್ರಮೇಯವೇ ಬರುತ್ತಿರಲಿಲ್ಲ.

ಅವನನ್ನು ಕರೆಸುತ್ತಿದ್ದವರ ನಡವಳಿಕೆ ನೆನೆದರೆ ತಿಗಣೆಯೇ ವಾಸಿ ಎನಿಸುತ್ತದೆ. ಹಾಲಿನಂಥ ಬಿಳಿ ಹೊದಿಕೆಯ ಕೆಳಗೆ ರಕ್ತದ ಕಲೆ ಒಣಗಿರುವ ಮನೆಗಳವರು ಇವನಿಗೆ ಕುಡಿಯುವ ನೀರನ್ನು ಎಸೆಯುವ ಲೋಟದಲ್ಲಿ ಕೊಡುತ್ತಿದ್ದರು. ಸಾಮಾನನ್ನು ತರಕಾರಿ ಚೀಲದಲ್ಲಿ ಮುಚ್ಚಿ ತಾ ಎಂದು ಫೋನಿನಲ್ಲೇ ತಾಕೀತು ಮಾಡುತ್ತಿದ್ದರು. ಒಬ್ಬಾಕೆಯಂತೂ, ತಿಗಣೆ ತಮ್ಮದಲ್ಲ, ಹೋದ ತಿಂಗಳು ಬಂದಿದ್ದ ನಾದಿನಿಯದು ಎಂದು ಎರಡು ಗಂಟೆ ಅವನ ತಲೆ ತಿಂದಳಂತೆ. ಇಷ್ಟಾಗಿ ಅವನು ಮನೆಗೆ ಬಂದರೆ ಅಕ್ಕ ಹಿತ್ತಲಲ್ಲೇ ಬಟ್ಟೆ ಬಿಚ್ಚಿಸಿ ಬಕೆಟ್ಟಿಗೆ ಹಾಕಿಸುತ್ತಿದ್ದಳು. ಸ್ನಾನವಾಗುವವರೆಗೆ ಕುರ್ಚಿಯೂ ಇಲ್ಲ.

ಭಾವನಿಗೆ ಮಂಡಿ ಹಿಡಿದುಕೊಂಡಿತು, ಔಷಧಿಯ ಘಾಟಿಗೆ ಕೆಮ್ಮೂ ಹತ್ತಿತು. ಆ ಹೊತ್ತಿಗೆ ಸರಿಯಾಗಿ ಬಣ್ಣ, ಮೊಳೆ, ಪೈಪು ಮಾರುವ ಅಂಗಡಿಯವನೊಬ್ಬ ಬಂದ. ಎಣ್ಣೆಯನ್ನು ಬಾಟಲಿಗೆ ತುಂಬಿ ಕೊಡು, ಎಷ್ಟಾದರೂ ನಾನು ಮಾರುತ್ತೇನೆ ಎಂದ. ಮೂರು ತಿಂಗಳು ನೋಡೋಣ, ಆಮೇಲೆ ಒಪ್ಪಂದ. ಒಂದೇ ಷರತ್ತು: ಸಹಿ ಬಿದ್ದ ಮೇಲೆ ಭಾವ ಯಾರ ಮನೆಗೂ ಹೋಗಕೂಡದು. ಮನುಷ್ಯನೇ ಮನೆಗೆ ಬರುವಾಗ ಬಾಟಲಿ ಯಾರು ಕೊಳ್ಳುತ್ತಾರೆ? ಮೂರೂ ಬಿಟ್ಟವರು ಊರಿಗೆ ದೊಡ್ಡವರು ಎಂದು ಅಕ್ಕ ಅಂಗಡಿಯವನನ್ನು ಬೈದಳು, ಆದರೆ ಒಪ್ಪು ಎಂದು ಗಂಡನನ್ನು ಪೀಡಿಸಿದವಳೂ ಅವಳೇ. ಬಾಟಲಿಗೆ ಕಣ್ಣಿಲ್ಲ, ಅದಕ್ಕೆ ತೂತು ಕಾಣುವುದಿಲ್ಲ ಎಂದು ಭಾವ ಗೊಣಗಿದ. ನಿನಗೆ ಮಂಡಿಯೂ ಇಲ್ಲ ಎಂದು ಅಕ್ಕ ಬಾಯಿ ಮುಚ್ಚಿಸಿದಳು.

ನಾನು ಚೀಟಿ ಮುದ್ರಿಸುವ ಪ್ರೆಸ್ಸಿನಲ್ಲಿದ್ದೇನೆ. ಉಪ್ಪಿನಿಂದ ಹಿಡಿದು ಶೂ ಪಾಲಿಶ್‌ವರೆಗೆ ಯಾವ ಡಬ್ಬಿಯ ಮೇಲೆ ಏನು ಬರೆಯಬೇಕೆಂದು ಹೇಳುವವಳು ನಾನೇ. ಭಾವನ ಬಾಟಲಿಯ ಚೀಟಿಯನ್ನೂ ನಾನೇ ಮಾಡಿದೆ. ಅವನು ಬರೆದುಕೊಟ್ಟ ಕಾಗದದಲ್ಲಿ ಮಂಚ ಬಿಚ್ಚಿ, ತೂತು ಕೆರೆಯಿರಿ, ಹತ್ತು ದಿನ ಬಿಟ್ಟು ಮತ್ತೆ ಹಾಕಿ ಎಂದಿತ್ತು. ಹೀಗೆ ಬರೆದರೆ ಔಷಧಿಗೆ ಶಕ್ತಿಯಿಲ್ಲವೆಂದು ನಾವೇ ಡಂಗುರ ಸಾರಿದಂತೆ ಎಂದು ಅಷ್ಟನ್ನೂ ಹೊಡೆದುಹಾಕಿದೆ. ‘ಒಂದೇ ಸಲಕ್ಕೆ ನಿರ್ಮೂಲ’ ಎಂದು ದಪ್ಪ ಅಕ್ಷರದಲ್ಲಿ ಹಾಕಿದೆ. ಕೆಳಗೆ ಸಣ್ಣದಾಗಿ ‘ಯಾರಿಗೂ ತಿಳಿಯದಂತೆ’ ಎಂದೂ ಸೇರಿಸಿದೆ. ಬಾಟಲಿ ಮಾರಿದ್ದು ಈ ಸಣ್ಣ ಅಕ್ಷರವೇ. ಅಂಗಡಿಯವನು ಬೇರೆ ಅಂಗಡಿಗಳಿಗೂ ಹಾಕಿ ಸಾಕು ಸಾಕೆನ್ನುವಷ್ಟು ಮಾರಿದ. ಕೊಂಡವರೇ ಮತ್ತೆ ಮತ್ತೆ ಬಂದು ಕೊಂಡರು, ಅದನ್ನು ನಾವು ಔಷಧಿಯ ಹೆಚ್ಚುಗಾರಿಕೆ ಎಂದುಕೊಂಡೆವು.

ಎರಡನೇ ತಿಂಗಳು ನನ್ನ ಮಗಳ ಕತ್ತಿನ ಮೇಲೆ ಸಾಲಾಗಿ ಮೂರು ಕೆಂಪು ಗಂಧೆ ಎದ್ದವು. ನನಗೆ ಗೊತ್ತಾಗದೆ ಇರುತ್ತದೆಯೇ? ಭಾವನ ಮನೆ ಎರಡು ಬೀದಿ ಆಚೆ. ಒಂದು ಮಾತು ಹೇಳಿದ್ದರೆ ಸಂಜೆಯೊಳಗೆ ಬರುತ್ತಿದ್ದ. ನಾನು ಹೇಳಲಿಲ್ಲ. ನಮ್ಮ ಕಟ್ಟಡದಲ್ಲಿ ಹನ್ನೆರಡು ಮನೆ, ಅವನ ಮುಖದ ಪರಿಚಯ ಎಲ್ಲರಿಗೂ ಇಲ್ಲದಿದ್ದರೂ ಅವನ ಸೀಮೆಎಣ್ಣೆ ವಾಸನೆಯ ಡಬ್ಬ ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ. ದೂರದ ಅಂಗಡಿಗೆ ಹೋಗಿ, ನಾನೇ ಬರೆದ ಚೀಟಿಯ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿ ತಂದೆ. ನಾಲ್ಕು ದಿನ ಕಡಿತ ನಿಂತಿತು, ಮತ್ತೆ ಶುರುವಾಯಿತು. ಇನ್ನೊಂದು ತಂದೆ. ಮತ್ತೊಂದು ತಂದೆ. ಹಗಲು ಊರಿಗೆಲ್ಲ ನಿರ್ಮೂಲ ಎಂದು ಅಚ್ಚು ಹಾಕಿ, ಸಂಜೆ ಮಗಳ ಬೆನ್ನಿಗೆ ಮುಲಾಮು ಹಚ್ಚುವ ನನ್ನ ಮುಖ ನೋಡಿಕೊಳ್ಳಲು ನನಗೇ ಹೇಸಿಗೆಯಾಗುತ್ತಿತ್ತು.

ಒಪ್ಪಂದದ ಹಿಂದಿನ ದಿನ ಭಾನುವಾರ ಬೆಳಿಗ್ಗೆ ಭಾವ ಡಬ್ಬದ ಸಮೇತ ಬಾಗಿಲಲ್ಲಿ ನಿಂತಿದ್ದ. ಶನಿವಾರ ಮಗಳು ಅವರ ಮನೆಗೆ ಆಡಲು ಹೋಗಿದ್ದಳು, ಅವಳ ಕತ್ತು ಅವನ ಕಣ್ಣಿಗೆ ಬಿದ್ದಿತ್ತು. ನೇರ ಒಳಗೆ ಹೋಗಿ ಹಾಸಿಗೆ ಎತ್ತಿದ. ಅದರಡಿಯಲ್ಲಿ ಖಾಲಿ ಬಾಟಲಿಗಳು ಉರುಳಿದವು.

“ಎಷ್ಟು ಆಯ್ತು?” ಎಂದ.

“ಏಳು.”

ಮಂಚ ಬಿಚ್ಚಿ ಮೂರು ಗಂಟೆ ಕೆಲಸ ಮಾಡಿದ. ಸ್ಕ್ರೂ ತೂತಿನಿಂದ ತಂತಿಯ ತುದಿಗೆ ಅಂಟಿ ಬಂದದ್ದನ್ನು ಬಿಳಿ ಕಾಗದದ ಮೇಲೆ ತಟ್ಟಿ ತೋರಿಸಿದ. ಎಳ್ಳಿಗಿಂತ ಸಣ್ಣ ಮೊಟ್ಟೆಗಳು, ರಾಶಿ ರಾಶಿ, ಕೆಲವು ಆಗಲೇ ಒಡೆದು ಮರಿಗಳು ಮಿಸುಕಾಡುತ್ತಿದ್ದವು. ನನಗೆ ವಾಂತಿ ಬಂತು. ಬಾಯಿ ತೊಳೆದು ಬರುವಷ್ಟರಲ್ಲಿ ಅವನು ನೆಲದ ಮೇಲೆ ಕೂತು ಆ ಕಾಗದವನ್ನೇ ನೋಡುತ್ತಿದ್ದ.

“ನಾನು ಇವನ್ನ ಕೊಲ್ತಿಲ್ಲ ಕಣೇ, ಸಾಕ್ತಿದೀನಿ. ಇವು ಇದ್ರೇನೇ ಎಂಟನೇ ಬಾಟಲಿ ಖರ್ಚಾಗೋದು,” ಎಂದ. “ನಾಳೆ ಅವನಿಗೆ ಆಗಲ್ಲ ಅಂತ ಹೇಳಿಬಿಡ್ತೀನಿ. ಮಂಡಿ ನೋವಾದ್ರೆ ಆಗಲಿ, ಮೆಲ್ಲಗೆ ಮಾಡ್ಕೊಂಡು ಹೋಗ್ತೀನಿ. ಕರೆಯೋ ಜನ ಕರೀತಾರೆ.”

ಕರೆಯುತ್ತಾರೆ ಎಂದೆ. ನಾನೇ ಮುಂದೆ ನಿಂತು ಹತ್ತು ಮನೆಗೆ ಹೇಳುತ್ತೇನೆ ಎಂದೂ ಅಂದೆ. ಆ ಕ್ಷಣಕ್ಕೆ ಅದು ಸುಳ್ಳಾಗಿರಲಿಲ್ಲ. ಅವನ ಮುಖ ಹಗುರವಾಯಿತು. ಡಬ್ಬ ಎತ್ತಿಕೊಂಡು ಹೊರಟ. ಬಾಗಿಲು ತೆರೆದರೆ ಎದುರು ಮನೆಯಾಕೆ ಮೆಟ್ಟಿಲ ಮೇಲೆ ನಿಂತಿದ್ದಳು. ಮೂಗು ಅರಳಿಸಿ ಅವನನ್ನು ಮೇಲಿಂದ ಕೆಳಗೆ ನೋಡಿ, ಇವರು ಯಾರು ಎಂದು ನನ್ನನ್ನು ಕೇಳಿದಳು.

“ಫ್ಯಾನ್ ರಿಪೇರಿಯವರು,” ಎಂದೆ.

ಭಾವನಿಗೆ ನಾನು ಬಹುವಚನ ಕೊಟ್ಟದ್ದು ಜೀವಮಾನದಲ್ಲಿ ಅದೇ ಮೊದಲು. ಅವನು ನನ್ನ ಕಡೆ ತಿರುಗಲಿಲ್ಲ. ಹೌದಮ್ಮಾ, ಫ್ಯಾನು ಸ್ವಲ್ಪ ಸದ್ದು ಮಾಡ್ತಿತ್ತು, ಎಣ್ಣೆ ಬಿಟ್ಟಿದೀನಿ ಎಂದು ಆಕೆಗೆ ಹೇಳಿ, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದ. ಕೂಗಿ ಕರೆಯಬೇಕಿತ್ತು. ಎದುರು ಮನೆಯಾಕೆ ಒಳಗೆ ಹೋಗಲಿ ಎಂದು ಕಾದೆ. ಆಕೆ ಹೋಗುವ ಹೊತ್ತಿಗೆ ಅವನು ಬೀದಿ ದಾಟಿದ್ದ.

ಮರುದಿನ ಮಧ್ಯಾಹ್ನ ಅಕ್ಕ ಪ್ರೆಸ್ಸಿಗೆ ಫೋನು ಮಾಡಿದಳು. ಭಾವ ಸಹಿ ಹಾಕಿದನಂತೆ. ತಂತಿ, ಬ್ರಷ್ಷು, ಡಬ್ಬ ಎಲ್ಲವನ್ನೂ ಗುಜರಿಯವನಿಗೆ ಕೊಟ್ಟನಂತೆ. ಅಕ್ಕನ ದನಿಯಲ್ಲಿ ಎಷ್ಟೋ ವರ್ಷದಿಂದ ಕೇಳದ ನೆಮ್ಮದಿಯಿತ್ತು.

“ನಾನು ಇಷ್ಟು ದಿನ ಬಡ್ಕೊಂಡ್ರೂ ಕೇಳದೋನು ಒಂದೇ ದಿನಕ್ಕೆ ಒಪ್ಪಿದ ನೋಡು,” ಎಂದಳು. “ಏನಾಯ್ತು ಅಂತ ಕೇಳಿದ್ರೆ, ನಿನ್ನ ತಂಗಿ ಬುದ್ಧಿ ಹೇಳಿದ್ಲು ಅಂತಾನೆ. ನಿನಗೆ ಪುಣ್ಯ ಬರಲಿ ಕಣೇ.”