ಕೆಂಪು ಬಂದರೆ ಎತ್ತಬೇಡಿ

ನನ್ನ ನಿವೃತ್ತಿಗೆ ಇನ್ನು ಕೆಲವೇ ವರ್ಷ ಉಳಿದಿವೆ ಎನ್ನುವಾಗ ಚಿತ್ರದುರ್ಗದಲ್ಲಿ ಸೈಬರ್ ಅಪರಾಧಗಳ ವಿಭಾಗಕ್ಕೆ ಸಹಾಯಕ ಸಬ್ ಇನ್‌ಸ್ಪೆಕ್ಟರ್ ಆಗಿ ಹಾಕಿದರು. ಅದಕ್ಕೆ ಮುಂಚೆ ಹೊಳಲ್ಕೆರೆ, ಹೊಸದುರ್ಗದ ಠಾಣೆಗಳಲ್ಲಿ ಬದುವಿನ ಜಗಳ, ಪಂಪ್‌ಸೆಟ್ ಕಳವು, ಬೈಕ್ ಅಪಘಾತ ನೋಡಿಕೊಂಡಿದ್ದವನು ನಾನು. ಅಲ್ಲಿ ಕಳ್ಳನಿಗೆ ಮುಖ ಇರುತ್ತಿತ್ತು, ಊರು ಇರುತ್ತಿತ್ತು. ಸಿಕ್ಕರೆ ಎದುರಿಗೆ ಕೂರಿಸಿಕೊಂಡು ಬೈಯಲಾದರೂ ಆಗುತ್ತಿತ್ತು. ಇಲ್ಲಿ ಬೈಯೋಣವೆಂದರೆ ಯಾರೂ ಇರಲಿಲ್ಲ, ಫೋನ್ ನಂಬರ್ ಮಾತ್ರ ಇರುತ್ತಿತ್ತು. ಆ ನಂಬರೂ ಕಳ್ಳನದಲ್ಲ ಎಂದು ಗೊತ್ತಾಗುವ ಹೊತ್ತಿಗೆ ನನಗೆ ಅಲ್ಲಿ ಸಾಕುಸಾಕಾಗಿತ್ತು.

ಹಳ್ಳಿಗಳಲ್ಲಿ ಜಾಗೃತಿ ಭಾಷಣ ಮಾಡುವ ಕೆಲಸ ನನ್ನ ತಲೆಗೆ ಬಂತು. ಒಟಿಪಿ, ಕೆವೈಸಿ, ಲಿಂಕ್ ಎಂದು ನಮ್ಮ ಹುಡುಗರು ಶುರುಮಾಡಿದರೆ ಜನ ಆಕಳಿಸುತ್ತಿದ್ದರು. ಹಾಗಾಗಿ ನಾನೇ ಒಂದು ದಾರಿ ಹುಡುಕಿದೆ. ಕರೆ ಮಾಡಿದವರ ಹೆಸರು ತೋರಿಸುವ ಆ್ಯಪ್‌ಗಳಿವೆಯಲ್ಲ, ಒಂದು ನಂಬರಿನ ಮೇಲೆ ಬಹಳ ಜನ ದೂರು ಒತ್ತಿದರೆ ಅವು ಆ ನಂಬರನ್ನು ವಂಚಕರದು ಎಂದು ಕೆಂಪು ಪರದೆಯಲ್ಲಿ ತೋರಿಸುತ್ತವೆ. ನಾನು ಫೋನನ್ನು ಎತ್ತಿ ಹಿಡಿದು ಹೇಳುತ್ತಿದ್ದೆ: "ಓದಕ್ಕೆ ಬರದಿದ್ರೆ ಬ್ಯಾಡ, ಬಣ್ಣ ಕಾಣ್ತದಲ್ಲ? ಕೆಂಪು ಬಂದ್ರೆ ಎತ್ತಬ್ಯಾಡ್ರಿ. ಎಷ್ಟು ಸತಿ ಬಡ್ಕಂಡ್ರೂ ಎತ್ತಬ್ಯಾಡ್ರಿ. ಗುರುತಿಲ್ಲದ ನಂಬರ್ ಬಂದ್ರೂ ಅಷ್ಟೇ."

ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಲ್ಲಿ ಮಹಿಳಾ ಸಂಘದವರ ಸಭೆಯಲ್ಲಿ ಇದನ್ನೇ ಹೇಳಿದಾಗ ಮುಂದಿನ ಸಾಲಿನ ಒಬ್ಬ ಹೆಂಗಸು ಎದ್ದು ನಿಂತಳು. ರಂಗಮ್ಮ ಅಂತ ಹೆಸರು, ಮೈಕ್ ಬೇಡದ ಗಂಟಲು. "ಅಂದ್ರೆ ಸಾ, ನಮ್ಮಂಥ ಎಬ್ಬೆಟ್ಟಿನೋರಿಗೂ ಕಳ್ಳ ಗೊತ್ತಾಯ್ತಾನೆ ಅನ್ನಿ!" ಎಂದಳು. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಇಲಾಖೆ ಕೊಟ್ಟ ಪ್ರಶಂಸಾಪತ್ರಗಳಿಗಿಂತ ಆ ಮಾತು ನನಗೆ ಹೆಚ್ಚು ಖುಷಿ ಕೊಟ್ಟಿತ್ತು.

ಅದಾದ ಕೆಲವು ತಿಂಗಳಿಗೆ ಕಮಲಾಕ್ಷಿ ಸಿಸ್ಟರ್ ನಮ್ಮಲ್ಲಿಗೆ ಬಂದರು. ಹರಿಯಬ್ಬೆ ಕಡೆಯ ಉಪಕೇಂದ್ರದ ಆರೋಗ್ಯ ಸಹಾಯಕಿ. ಸರ್ಕಾರ ಆ ಹುದ್ದೆಗೆ ಈಗ ಉದ್ದದ ಹೆಸರಿಟ್ಟಿದೆ, ಜನ ಮಾತ್ರ ಸಿಸ್ಟರ್ ಎಂದೇ ಕರೆಯುತ್ತಾರೆ. ಸುತ್ತಲಿನ ಹಳ್ಳಿಗಳ ಬಸುರಿಯರು, ಬಾಣಂತಿಯರು, ಕೂಸುಗಳು ಎಲ್ಲ ಅವರ ಪಾಲು. ವಾರದಿಂದ ಅವರಿಗೆ ಎಲ್ಲೆಲ್ಲಿಂದಲೋ ಫೋನ್ ಬಂದು ಹಿಂದಿಯಲ್ಲಿ ಬೈಗುಳ. ಮೊದಲ ದಿನ ಯಾರೋ ಪೇಷಂಟಿನ ಕಡೆಯವರು ಗಾಬರಿಯಲ್ಲಿದ್ದಾರೆ ಎಂದುಕೊಂಡು "ಯಾವೂರಪ್ಪ? ಎಷ್ಟು ತಿಂಗಳು?" ಎಂದು ವಿಚಾರಿಸಿದರಂತೆ. ಇದನ್ನು ಹೇಳುವಾಗ ಅವರೂ ನಕ್ಕರು, ನಾನೂ ನಕ್ಕೆ.

ಆಗಿದ್ದು ಇಷ್ಟು. ಯಾರೋ ವಂಚಕರು ಇಂಟರ್‌ನೆಟ್ ಮೂಲಕ ಕರೆ ಮಾಡುತ್ತಾ, ತಮ್ಮ ನಂಬರಿನ ಬದಲು ಸಿಸ್ಟರ್ ನಂಬರ್ ಕಾಣುವ ಹಾಗೆ ಮಾಡಿದ್ದರು. ಇದಕ್ಕೆ ಸ್ಪೂಫಿಂಗ್ ಎನ್ನುತ್ತಾರೆ. ಲಕೋಟೆಯ ಹಿಂದೆ 'ಇಂದ' ಎಂದು ಯಾರ ವಿಳಾಸ ಬೇಕಾದರೂ ಬರೆದು ಡಬ್ಬಿಗೆ ಹಾಕಬಹುದಲ್ಲ, ಹಾಗೆ. ಮೋಸ ಹೋದವರು ತಿರುಗಿ ಫೋನ್ ಮಾಡಿದರೆ ಅದು ಬರುವುದು ಸಿಸ್ಟರಿಗೆ. ಅವರ ನಂಬರಿನ ಸಿಡಿಆರ್, ಅಂದರೆ ಹೋದ ಬಂದ ಕರೆಗಳ ವಿವರ, ತರಿಸಿ ನೋಡಿದೆ. ಮೋಸದ ಕರೆಗಳಲ್ಲಿ ಒಂದೂ ಅವರ ಸಿಮ್‌ನಿಂದ ಹೋಗಿರಲಿಲ್ಲ. ಅವರದೇನೂ ತಪ್ಪಿಲ್ಲ ಎನ್ನುವುದು ಅಲ್ಲಿಗೆ ಮುಗಿಯಿತು. ಆದರೆ ಅದನ್ನು ಹೇಳುವುದು ಯಾರಿಗೆ? ದೂರು ಒತ್ತಿದವರು ಊರೂರಲ್ಲಿದ್ದರು, ಸಿಸ್ಟರ್ ನಂಬರ್ ಆಗಲೇ ಕೆಂಪಾಗಿತ್ತು.

"ನಂಬರ್ ಬದಲಾಯಿಸಿಬಿಡ್ರಿ ಸಿಸ್ಟರ್," ಎಂದೆ. ಸುಲಭದ ಸಲಹೆ.

"ಹೆಂಗೆ ಸಾರ್? ಎಲ್ಲಾ ತಾಯಿ ಕಾರ್ಡ್ ಮೇಲೆ ಇದೇ ನಂಬರ್ ಐತೆ. ಮನೆ ಬಾಗಿಲ ಹಿಂದೆ ಬಳಪದಾಗೆ ಬರ್ಕಂಡವ್ರೆ. ಹೊತ್ತಲ್ಲದ ಹೊತ್ತಿನಾಗೆ ನೋವು ಬಂದ್ರೆ ಅವ್ರು ಎಲ್ಲಿಗೆ ಮಾಡ್ಬೇಕು?"

ಆ ನಂಬರಿನ ಕೆಂಪು ತೆಗೆಯಿರಿ ಎಂದು ಆ್ಯಪ್‌ನವರಿಗೆ ಬರೆದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಎಂದು ಯಂತ್ರ ಉತ್ತರ ಕೊಟ್ಟಿತು. ನನ್ನದು ಅಭಿಪ್ರಾಯ ಅಲ್ಲ ಮಾರಾಯ, ಪೊಲೀಸ್ ತನಿಖೆ ಎಂದು ಮತ್ತೆ ಬರೆದೆ. ಆಗಲೂ ಧನ್ಯವಾದವೇ ಬಂತು. ಬರೆದು ಬರೆದು ಒಮ್ಮೆ ಕೆಂಪು ಹೋಯಿತು. ಸಿಸ್ಟರ್ ಫೋನ್ ಮಾಡಿ ನಮ್ಮ ಇಡೀ ವಿಭಾಗಕ್ಕೆ ಹೋಳಿಗೆ ಊಟ ಹಾಕಿಸುತ್ತೇನೆ ಎಂದರು. ಆ ವಾರ ಕಳೆಯುವುದರೊಳಗೆ ವಂಚಕರು ಅದೇ ನಂಬರ್ ತೋರಿಸಿ ಇನ್ನಷ್ಟು ಜನರನ್ನು ಮುಂಡಾಯಿಸಿದರು, ಮತ್ತೆ ಕೆಂಪಾಯಿತು. ಕರೆಗಳ ಜಾಡು ಹಿಡಿದು ಹೋದರೆ ಅದು ದೇಶ ದಾಟಿ ಯಾವುದೋ ಕಂಪ್ಯೂಟರಿಗೆ ಹೋಗಿ ನಿಲ್ಲುತ್ತಿತ್ತು. ಅಲ್ಲಿಂದಾಚೆಗೆ ನನ್ನ ಅರ್ಜಿಗೆ ಯಾರೂ ಉತ್ತರ ಕೊಡುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಸಂಜೆ ಸಿಸ್ಟರ್ ಜಿಲ್ಲಾಸ್ಪತ್ರೆಯಿಂದ ಫೋನ್ ಮಾಡಿದರು. "ಬರ್ರಿ ಸಾರ್," ಎಂದಷ್ಟೇ ಅಂದರು.

ನಡೆದದ್ದನ್ನು ಅಲ್ಲಿ ವಾರ್ಡಿನ ಹೊರಗೆ ನಿಂತು ಕೇಳಿಸಿಕೊಂಡೆ. ಹರಿಯಬ್ಬೆಯ ಹೊರಗೆ ದಾಳಿಂಬೆ ತೋಟದ ಮನೆಯಲ್ಲಿ ನೇತ್ರಾ ಎಂಬ ತುಂಬು ಬಸುರಿ. ಹಿಂದಿನ ದಿನ ಅವಳ ಬಿಪಿ ಏರಿದ್ದು ನೋಡಿ ಸಿಸ್ಟರ್ ರಕ್ತ, ಮೂತ್ರ ಪರೀಕ್ಷೆಗೆ ಕಳಿಸಿದ್ದರು. ಮರುದಿನ ಸಿಸ್ಟರಿಗೂ ಆಶಾ ಕಾರ್ಯಕರ್ತೆಗೂ ಚಿತ್ರದುರ್ಗದಲ್ಲಿ ತರಬೇತಿ. ರಿಪೋರ್ಟ್ ಅಲ್ಲಿಗೇ ಬಂತು. ಗರ್ಭನಂಜು, ಫಿಟ್ಸ್ ಬರುವ ಮೊದಲು ಆಸ್ಪತ್ರೆಗೆ ಸೇರಿಸಲೇಬೇಕು. ಸಿಸ್ಟರ್ ಕೂಡಲೇ ನೇತ್ರಾ ಮನೆಗೆ ಫೋನ್ ಮಾಡಿದರು. ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದರು. ಆಶಾ ಕಾರ್ಯಕರ್ತೆ ತನ್ನ ಫೋನಿನಿಂದ ಮಾಡಿದಳು, ಅದು ಗುರುತಿಲ್ಲದ ನಂಬರ್. ಆ ಮನೆಯ ಫೋನು ಹೊಸದು, ಹಳೆಯದರಲ್ಲಿದ್ದ ಹೆಸರುಗಳು ಇದಕ್ಕೆ ಬಂದಿರಲಿಲ್ಲ. ಪಕ್ಕದ ತೋಟದವರಿಗೆ ಮಾಡಿದರೆ ಅವರೂ ಎತ್ತಲಿಲ್ಲ. ಕೊನೆಗೆ ಆಂಬ್ಯುಲೆನ್ಸಿಗೆ ಹೇಳಿದರು. ದಾರಿ ಕೇಳಲು ಡ್ರೈವರ್ ಮಾಡಿದ ಕರೆಯನ್ನೂ ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಹುಡುಕಿಕೊಂಡು ತೋಟಕ್ಕೆ ಹೋಗುವಷ್ಟರಲ್ಲಿ ಹುಡುಗಿಗೆ ಫಿಟ್ಸ್ ಶುರುವಾಗಿತ್ತು. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ ನೇತ್ರಾಳ ಅತ್ತೆ ನನ್ನನ್ನು ನೋಡಿ ಏಳಲು ಹೋದಳು. ರಂಗಮ್ಮ.

"ಕುಂತ್ಕಳಮ್ಮ," ಎಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೀವ್ ಹೇಳ್ದಂಗೇ ಮಾಡ್ದೆ ಸಾ," ಎಂದಳು. ಆ ದೊಡ್ಡ ಗಂಟಲು ಎಲ್ಲಿ ಹೋಗಿತ್ತೋ. "ಕೆಂಪು ಬಂತು. ಎಷ್ಟು ಸತಿ ಬಡ್ಕಂಡ್ರೂ ಎತ್ತಲಿಲ್ಲ. ತಲೆನೋವು ಅಂತ ಮಲಗಿದ್ಲು ಹುಡುಗಿ, ಯಾರದು ಅತ್ತೆ ಅಂದ್ಲು. ಕಳ್ರು ಕಣವ್ವ, ನೀನು ಮಲಕ್ಕ ಅಂದೆ."

ಆಮೇಲೆ ಕೇಳಿದಳು: "ಸಿಸ್ಟರಮ್ಮನ್ನ ಯಾಕ್ ಸಾ ಕೆಂಪು ಮಾಡಿದ್ರಿ?"

ನಾನು ಮಾಡಿದ್ದಲ್ಲ, ಸ್ಪೂಫಿಂಗ್ ಎಂದು ಒಂದಿರುತ್ತದೆ ಎಂದು ಹೇಳಲು ಬಾಯಿ ತೆರೆದೆ. ಲಕೋಟೆಯ ಹೋಲಿಕೆಯೂ ನೆನಪಿಗೆ ಬಂತು. ಅವಳ ಪಕ್ಕ ಕೂತೆ, ಅಷ್ಟೇ. ನನ್ನ ಇಡೀ ಸರ್ವೀಸಿನಲ್ಲಿ ಅಷ್ಟು ಕೈಲಾಗದವನು ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಪ್ರಕರಣಕ್ಕೆ ಕೊನೆಗೆ 'ಸಿ' ರಿಪೋರ್ಟ್ ಹಾಕಿದೆವು. ಅಪರಾಧ ನಡೆದದ್ದು ನಿಜ, ಮಾಡಿದವರು ಪತ್ತೆಯಾಗಲಿಲ್ಲ ಎಂದು ನ್ಯಾಯಾಲಯಕ್ಕೆ ಕೊಡುವ ವರದಿ ಅದು. ಅದರಲ್ಲಿ ನೇತ್ರಾಳ ಮಗುವಿನ ವಿಷಯ ಎಲ್ಲೂ ಬರುವುದಿಲ್ಲ, ಅದಕ್ಕೆ ಅಲ್ಲಿ ಜಾಗವಿಲ್ಲ. ಸಿಸ್ಟರ್ ಹೊಸ ನಂಬರ್ ತೆಗೆದುಕೊಂಡು ಮನೆಮನೆಗೆ ಹೋಗಿ ಬಾಗಿಲ ಹಿಂದಿನ ಬಳಪ ಅಳಿಸಿ ಬರೆದರು. "ಇದಕ್ಕೂ ಕೆಂಪು ಬಂದ್ರೆ ಸಾರ್?" ಎಂದು ಕೇಳಿದರು. ಬರಲ್ಲ ಬಿಡಿ ಎಂದೆ. ಬರುವುದಿಲ್ಲ ಎಂದು ಹೇಳಲು ನಾನ್ಯಾರು? ಆ ವಾರವೇ ಹೊಸದುರ್ಗದ ಒಬ್ಬ ಟೈಲರ್ ಬಂದು, ಯಾರ್ಯಾರೋ ಫೋನ್ ಮಾಡಿ ಹಿಂದಿಯಲ್ಲಿ ಬೈಯುತ್ತಾರೆ ಎಂದು ಸಿಸ್ಟರ್ ಕೂತಿದ್ದ ಬೆಂಚಿನಲ್ಲೇ ಕೂತಿದ್ದ.

ಭಾಷಣ ನಾನು ಬಿಡಲಿಲ್ಲ. ಹಿರೇಗುಂಟನೂರಿನಲ್ಲಿ ಮಾಡಿದ ಕೊನೆಯ ಭಾಷಣದಲ್ಲೂ ಕೆಂಪು ಬಂದರೆ ಎತ್ತಬೇಡಿ ಎಂದೇ ಹೇಳಿದೆ. ಅದು ಸರಿಯಾದ ಸಲಹೆ, ಇವತ್ತಿಗೂ ಸರಿಯೇ. ಬೇರೆ ಏನನ್ನು ಹೇಳಲಿ? ಕೆಲಸ ನನಗೆ ಕಲಿಸಿದ್ದು ಇದು: ಅನುಮಾನ ಪಡುವುದನ್ನು ಜನರಿಗೆ ಒಂದು ಸಭೆಯಲ್ಲಿ ಕಲಿಸಿಬಿಡಬಹುದು, ಯಾರನ್ನು ನಂಬಬೇಕು ಎಂದು ಹೇಳಿಕೊಡುವ ವಿದ್ಯೆ ನಮ್ಮ ಇಲಾಖೆಯಲ್ಲಿ ಇಲ್ಲ.

ಈಗ ನಿವೃತ್ತನಾಗಿ ದುರ್ಗದಲ್ಲೇ ಇದ್ದೇನೆ. ಸಿಸ್ಟರ್ ಆಗಾಗ ಫೋನ್ ಮಾಡುತ್ತಾರೆ. ರಂಗಮ್ಮ ಈಗ ಬಂದ ಕರೆಯನ್ನೆಲ್ಲ ಎತ್ತುತ್ತಾಳಂತೆ. ಕೆಂಪು ಬಂದರಂತೂ ತೋಟದಲ್ಲಿದ್ದರೂ ಓಡಿ ಬರುತ್ತಾಳಂತೆ. ಎತ್ತಿದ ಕೂಡಲೇ, ಆ ಕಡೆಯವನು ಬಾಯಿ ಬಿಡುವ ಮೊದಲೇ, "ಸಿಸ್ಟರಮ್ಮಾ, ನೀವಾ?" ಎಂದು ಕೇಳುತ್ತಾಳಂತೆ.

"ಯಾರಾದ್ರೂ ಹೂಂ ಅಂದ್ರೆ ಮುಗೀತು ಸಾರ್, ಕೇಳಿದ್ದೆಲ್ಲ ಕೊಟ್ಟುಬಿಡ್ತಾಳೆ. ನೀವೇ ಒಂದ್ಸತಿ ಬಂದು ಎತ್ತಬ್ಯಾಡ ಅಂತ ಹೇಳ್ರಿ, ನಿಮ್ಮ ಮಾತು ಕೇಳ್ತಾಳೆ," ಎನ್ನುತ್ತಾರೆ ಸಿಸ್ಟರ್.

ಕೇಳುತ್ತಾಳೆ, ಗೊತ್ತು. ಹರಿಯಬ್ಬೆಗೆ ನಾನು ಇನ್ನೂ ಹೋಗಿಲ್ಲ.