ಘಟ್ಟದ ಕೆಳಗಿನ ತೆನೆ

ನಮ್ಮ ಚರ್ಚಿಗೆ ತೆನೆ ಘಟ್ಟದ ಕೆಳಗಿಂದ ಬರುತ್ತಿತ್ತು. ತರುವುದು ನಮ್ಮ ಮನೆಯ ಕೆಲಸ.

ಸೆಪ್ಟೆಂಬರ್ ಎಂಟಕ್ಕೆ ಮಾತೆ ಮರಿಯಮ್ಮನ ಹುಟ್ಟುಹಬ್ಬ. ಅವತ್ತು ಹೊಸ ಭತ್ತದ ತೆನೆಯನ್ನು ಪೀಠದ ಮುಂದಿಟ್ಟು ಫಾದರ್ ಆಶೀರ್ವಾದ ಮಾಡುತ್ತಾರೆ. ಪೂಜೆ ಮುಗಿದ ಮೇಲೆ ಮನೆಗೊಂದರಂತೆ ಹಂಚುತ್ತಾರೆ. ಅದರ ಕಾಳು ಸುಲಿದು ಪಾಯಸಕ್ಕೆ ಹಾಕಿ ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣಬೇಕು. ಇದು ಕರಾವಳಿಯ ಹಬ್ಬ. ಅಲ್ಲಿ ಆ ಹೊತ್ತಿಗೆ ಗದ್ದೆ ತೆನೆ ಬಿಟ್ಟಿರುತ್ತದೆ. ನಮ್ಮ ಹೊಸನಗರದ ಕಡೆ ಆಗಿನ್ನೂ ಪೈರು ಮೊಣಕಾಲೆತ್ತರ. ಘಟ್ಟ ಹತ್ತಿ ಬಂದ ಹಿರಿಯರು ಹಬ್ಬವನ್ನು ತಂದರು, ಅಲ್ಲಿಯ ತಾರೀಖನ್ನೂ ತಂದರು. ಇಲ್ಲಿಯ ಗದ್ದೆ ಯಾವಾಗ ತೆನೆ ಬಿಡುತ್ತದೆ ಎಂದು ಯಾರೂ ನೋಡಲಿಲ್ಲ.

ನಮ್ಮ ಅಜ್ಜ ಬಡಗಿ. ಸಾಮಿಲ್ಲಿನ ಕೆಲಸಕ್ಕೆಂದು ಬಂದವನು ಇಲ್ಲೇ ಉಳಿದ. ಅವನಂತೆ ಬಂದವರು, ಕಲ್ಲು ಕಡಿಯುವವರು, ಗಾರೆಯವರು, ಎಲ್ಲ ಸೇರಿ ಕೆಲವೇ ಮನೆ. ಆಗ ಚರ್ಚ್ ಇರಲಿಲ್ಲ. ಶಿವಮೊಗ್ಗದ ಕಡೆಯಿಂದ ಫಾದರ್ ಯಾವಾಗಲೋ ಒಮ್ಮೆ ಬಸ್ಸಿನಲ್ಲಿ ಬಂದು ಅಕ್ಕಿ ಮಿಲ್ಲಿನ ಗೋದಾಮಿನಲ್ಲಿ ಪೂಜೆ ಅರ್ಪಿಸಿ ಹೋಗುತ್ತಿದ್ದರು. ಅಜ್ಜಿ ಮದುವೆಯಾಗಿ ಬಂದ ವರ್ಷ ಹಬ್ಬಕ್ಕೆ ತವರಿನಿಂದ ಒಂದು ಕಟ್ಟು ತೆನೆ ತರಿಸಿದಳು. ಇಲ್ಲಿ ಆಶೀರ್ವಾದವಾದ ಮೊದಲ ತೆನೆ ಅದೇ. ಆಮೇಲೆ ಚರ್ಚೆಂದು ಸೋಗೆಯ ಚಪ್ಪರ ಬಂತು, ಹಂಚಿನ ಕಟ್ಟಡ ಬಂತು, ಈಗ ತಾರಸಿ ಇದೆ. ಬಾಗಿಲ ಪಕ್ಕದ ಕಲ್ಲಿನಲ್ಲಿ ಕಟ್ಟಿಸಿದವರ ಹೆಸರುಗಳಿವೆ. ಬಾಗಿಲು ಮಾಡಿದ ನಮ್ಮ ಅಜ್ಜನ ಹೆಸರಿಲ್ಲ. ನಮಗೆ ಇದ್ದದ್ದು ತೆನೆ ಒಂದೇ. ಹಬ್ಬದ ದಿನ ಗೇಟಿನ ಶಿಲುಬೆಯಿಂದ ಪೀಠದವರೆಗೆ ಅದನ್ನು ಹೊತ್ತು ಮುಂದೆ ನಡೆಯುವುದು ನಮ್ಮ ಮನೆ. ಮಿಕ್ಕವರೆಲ್ಲ ಹಿಂದೆ. ಕಾರು ಇರುವವರೂ ಹಿಂದೆಯೇ. ಅಜ್ಜಿಗೆ ವರ್ಷವಿಡೀ ಅದು ಸಾಕಾಗುತ್ತಿತ್ತು.

ಅಜ್ಜನ ನಂತರ ಅಪ್ಪ ಬಸ್ಸಿನಲ್ಲಿ ಹೋಗಿ ತರುತ್ತಿದ್ದ. ಅಪ್ಪನ ಮೊಣಕಾಲು ಸೋತ ಮೇಲೆ ನಾನು. ನಾನು ಓಡಿಸುವುದು ಪಿಕಪ್. ಹಬ್ಬದ ಮುನ್ನಾದಿನ ಕೆಳಗೆ ಒಂದು ಬಾಡಿಗೆ ಹಿಡಿದುಕೊಳ್ಳುತ್ತಿದ್ದೆ. ಅಜ್ಜಿಯ ಅಣ್ಣನ ಮಗ, ನಾನು ಮಾವ ಎನ್ನುವವರು, ಘಾಟಿಯ ಬುಡದ ಹೋಟೆಲಿನ ಹತ್ತಿರ ಕಟ್ಟು ಹಿಡಿದು ನಿಂತಿರುತ್ತಿದ್ದರು. ಒಂದು ಚಹಾ ಕುಡಿದು ವಾಪಸ್ ಬರುತ್ತಿದ್ದೆ.

ಮೂರು ವರ್ಷದ ಹಿಂದೆ ಹಬ್ಬದ ವಾರವೇ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದಾಯಿತು. ಫಾದರ್ ಹೊಸಬರು, ವಯಸ್ಸು ಚಿಕ್ಕದು. ಸುತ್ತು ಹಾಕಿ ಹೋಗುವುದೇನೂ ಬೇಡ ಎಂದರು. ಇಲ್ಲಿ ಬೆಳೆಯುವುದನ್ನೇ ಪೀಠದ ಮುಂದೆ ಇಡೋಣ, ಮನೆಗೊಂದು ಬಗೆ ತರಲಿ, ತರಕಾರಿ, ಬಾಳೆಕಾಯಿ, ಅಡಿಕೆಯ ಹೂಗೊಂಚಲು ಸಿಂಗಾರ ಎಂದರು. ನನಗೆ ಸರಿ ಅನ್ನಿಸಿತು. ಅಜ್ಜಿ ಗೇಟು ದಾಟಿದ ಮೇಲೆ ಕೇಳಿದಳು.

“ಅಡಿಕೆ ಸಿಂಗಾರ ಹಾಕಿ ಪಾಯ್ಸ ಮಾಡ್ತಾರಂತಾ ಅವ್ರು?”

ಮನೆಗೆ ಬಂದು ಮಾವನಿಗೆ ಫೋನ್ ಮಾಡಿದೆ. ಬೇರೆ ಘಾಟಿಯಿಂದ ಬರುವ ಬಸ್ಸಿಗೆ ಕಟ್ಟು ಹಾಕಿ, ನಿಮ್ಮ ಗದ್ದೆಯದು ನಾಳೆಯೇ ಕೊಯ್ಯಿರಿ ಎಂದೆ. ಅವರು ನಕ್ಕರು.

“ನಮ್ಗೆ ಗದ್ದೆ ಎಲ್ಲುಂಟು ಮಾರಾಯ? ಮಣ್ಣು ತುಂಬ್ಸಿ ತೆಂಗು ಇಟ್ಟಾಯ್ತಲ್ಲ. ತೆನೆ ಆಚೆಮನೆಯವ್ರ ಗದ್ದೆದು. ನಿನ್ನ ಅಪ್ಪನಿಗೆ ಗೊತ್ತುಂಟು.”

ಅಪ್ಪನಿಗೆ ಗೊತ್ತಿತ್ತು. ಹೇಳಿರಲಿಲ್ಲ. ನಾನು ಹೋಗಿ ಅಜ್ಜಿಗೆ ಹೇಳಿಬಿಟ್ಟೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಅಪ್ಪ ಒಳಗಿಂದ ಬಂದು ನಿನಗೆ ಬಾಯಿ ಸುಮ್ಮನಿರುವುದಿಲ್ಲವಾ ಎಂದು ಬೈದ. ಅಜ್ಜಿ ಹೆಚ್ಚುತ್ತಿದ್ದ ಕೆಸುವಿನ ದಂಟನ್ನು ಪೂರ್ತಿ ಹೆಚ್ಚಿ ಮುಗಿಸಿದಳು. ಆಚೆಮನೆ ಎಂದರೆ ಯಾರು ಎಂದಳು. ಹೇಳಿದೆ. ಅವರು ಚರ್ಚಿನವರಲ್ಲ. ಬೇರೆಯವರ ಗದ್ದೆಯದೇ ಆದರೆ ಅಷ್ಟು ದೂರದಿಂದ ಯಾಕೆ ಎಂದಳು ಅಜ್ಜಿ.

ಬೆಳಿಗ್ಗೆ ಅವಳೇ ನನ್ನನ್ನು ಎಬ್ಬಿಸಿ ಕೆಳಗಿನ ಮನೆಯ ಗೌಡರ ಗದ್ದೆಗೆ ಕರೆದುಕೊಂಡು ಹೋದಳು. ಗೌಡರು ಆ ವರ್ಷದಿಂದ ಬೋರಿನ ನೀರು ಹಾಯಿಸಿ, ಬೇಗ ಬರುವ ಭತ್ತವನ್ನು ಮಳೆಗೆ ಮೊದಲೇ ನೆಡತೊಡಗಿದ್ದರು. ಕೊಯ್ಲಾದ ಕೂಡಲೇ ತರಕಾರಿ ಹಾಕುವುದು ಅವರ ಲೆಕ್ಕ. ಮೇಲಿನ ಎರಡು ಅಂಕಣ ಗದ್ದೆಯಲ್ಲಿ ತೆನೆ ಬಾಗಿತ್ತು. ಅಜ್ಜಿ ಕೇಳಿದಳು. ಗೌಡರು ಬೇಡ ಎನ್ನಲಿಲ್ಲ, ತಲೆ ಕೆರೆದುಕೊಂಡರು.

“ಭೂಮಿ ಹುಣ್ಣಿಮೆ ಆಗೋವರ್ಗೂ ನಮ್ಮನೇಲಿ ಗದ್ದೆಗೆ ಕತ್ತಿ ತಾಗ್ಸಂಗಿಲ್ಲ, ಬಾಯಮ್ಮ. ಬಸುರಿ ಅದು.”

“ಕತ್ತಿ ಯಾಕೆ? ಕೈಯಲ್ಲಿ ಚಿವುಟ್ಕಳ್ತೀವಿ.”

“ಚಿವುಟ್ಕಳಿ. ಆದ್ರೆ ಕಾಳು ಗಟ್ಟಿ ಆಗಿಲ್ಲ, ಬರೀ ಹಾಲು. ಆಗ್ತದಾ ನಿಮ್ಮ ದೇವ್ರಿಗೆ?”

“ನಾಳೆ ನಮ್ಮಮ್ಮನೂ ಕೂಸೇ ಗೌಡ್ರೇ. ಹಾಲು ಸಾಕು.”

ಗೌಡರು ನಕ್ಕು ತಾವೇ ಅಂಚಿನಿಂದ ಇಳಿದು ಚಿವುಟಿ ಕೊಟ್ಟರು. ಅಜ್ಜಿ ಅಲ್ಲೇ ಬಾಳೆನಾರಿನಲ್ಲಿ ಕಟ್ಟು ಕಟ್ಟಿದಳು.

ವಿಷಯ ಅಷ್ಟಕ್ಕೆ ನಿಲ್ಲಲಿಲ್ಲ. ಸಂಜೆಯೊಳಗೆ ಇಡೀ ಚರ್ಚಿಗೆ ಸುದ್ದಿ ಹೋಯಿತು. ಗೌಡರ ಗದ್ದೆಯ ತೆನೆ ಆಗುತ್ತದೆ ಎಂದಾದರೆ ಯಾರು ಬೇಕಾದರೂ ಹೊರಬಹುದಲ್ಲ ಎಂದು ಒಂದಿಬ್ಬರು ಫಾದರ್ ಹತ್ತಿರ ಹೋದರು. ಕೇಳಿದ್ದರಲ್ಲಿ ತಪ್ಪಿಲ್ಲ. ಅಜ್ಜಿಯ ತವರಿನ ತೆನೆ ಎಂದೇ ನಮ್ಮ ಮನೆಯವರು ಮುಂದೆ ನಡೆಯುತ್ತಿದ್ದುದು. ಅಜ್ಜಿಯೂ ಹೋದಳು. ನಾನು ಹಿಂದೆ ನಿಂತಿದ್ದೆ.

“ತೆನೆ ಎಲ್ಲಿಂದಾರೂ ಬರ್ಲಿ ಫಾದರ್. ಹೊರೋದು ನಮ್ಮನೆ.”

ಫಾದರ್ ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ಈ ವರ್ಷ ನೀವೇ, ಮುಂದಿನ ವರ್ಷದಿಂದ ಸರದಿ, ಎಲ್ಲ ಮನೆಗೂ ಬರುತ್ತದೆ ಎಂದರು. ಮೆತ್ತಗೆ ಹೇಳಿದರು, ಆದರೆ ಹೇಳಿದ್ದು ಅದೇ. ಅಜ್ಜಿ ಅವರ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಹೊರಟಳು.

ಹಬ್ಬದ ದಿನ ಗೇಟಿನಿಂದ ಅವಳೇ ಹೊತ್ತಳು. ನಾನು ಹಿಡಿಯಲು ಹೋದರೆ ಮೊಣಕೈಯಲ್ಲಿ ತಳ್ಳಿದಳು. ಕೆಲವರು ಗೌಡರ ತೆನೆ ಬೇಡ ಎಂದು ರಾತ್ರೋರಾತ್ರಿ ಬೇರೆ ಘಾಟಿ ಸುತ್ತಿ ಕೆಳಗಿಂದ ತರಿಸಿದ್ದರು. ಫಾದರ್ ಎರಡನ್ನೂ ಒಟ್ಟಿಗೆ ಇಟ್ಟು ತೀರ್ಥ ಚಿಮುಕಿಸಿದರು. ಹಂಚುವಾಗ ಯಾವುದು ಯಾರದೆಂದು ಯಾರಿಗೂ ಗೊತ್ತಾಗಲಿಲ್ಲ.

ಮುಂದಿನ ವರ್ಷ ಮೊದಲ ಸರದಿ ಕೊನೆಯ ಬೆಂಚಿನಲ್ಲಿ ಕೂರುವ ಒಂದು ಮನೆಗೆ ಬಂತು. ಅವರು ಇಲ್ಲಿಗೆ ಬಂದು ಹೆಚ್ಚು ವರ್ಷ ಆಗಿಲ್ಲ, ಮನೆಯಲ್ಲಿ ನಮ್ಮಂತೆ ಕೊಂಕಣಿ ಮಾತಿಲ್ಲ, ಈ ಹಬ್ಬವೂ ಹೊಸತು. ನಮ್ಮಜ್ಜಿ ಬೆಂಚಿನಲ್ಲಿ ಕೂತು ನೋಡಿದಳು. ಆ ಮನೆಯ ಸೊಸೆ ಹೊತ್ತ ಕಟ್ಟು ನಡುದಾರಿಯಲ್ಲೇ ಸಡಿಲವಾಗಿ ತೆನೆ ಉದುರಿದವು. ಹಿಂದೆ ಬರುತ್ತಿದ್ದವರು ಬಗ್ಗಿ ಆಯ್ದುಕೊಟ್ಟರು. ಅಜ್ಜಿಗೆ ಒಳಗೊಳಗೇ ಖುಷಿಯಾಗಿರಬೇಕು ಎಂದುಕೊಂಡೆ. ಮುಖ ನೋಡಿದರೆ ಹಾಗಿರಲಿಲ್ಲ. ಪೂಜೆ ಮುಗಿದ ಮೇಲೆ ಆ ಸೊಸೆಯನ್ನು ಶಿಲುಬೆಯ ಹತ್ತಿರ ನಿಲ್ಲಿಸಿಕೊಂಡು, ಬುಡ ಸಮ ಮಾಡಿ ನಾರು ಎರಡು ಸುತ್ತು ಹಾಕಬೇಕು, ಮೊದಲ ಸುತ್ತು ಒದ್ದೆ ನಾರಿನದು ಎಂದು ಹೇಳಿದಳು. ಹುಡುಗಿ ಹೂಂ, ಹೂಂ ಎಂದಳು.

ಈಗ ಸರದಿ ಯಾರದೇ ಇರಲಿ, ಹಬ್ಬದ ಹಿಂದಿನ ದಿನ ಗೌಡರ ಗದ್ದೆಯಲ್ಲಿ ತೆನೆ ಚಿವುಟಿಕೊಂಡು ನೇರ ನಮ್ಮ ಜಗುಲಿಗೆ ಬರುತ್ತಾರೆ. ಫಾದರ್ ಹಾಗೆಂದು ಹೇಳಿಲ್ಲ. ಅಜ್ಜಿ ಗೋಡೆಗೆ ಒರಗಿ ಕೂತಿರುತ್ತಾಳೆ. ಅವಳಿಗೀಗ ಬೆರಳು ಮಡಚಲು ಬರುವುದಿಲ್ಲ, ಹಾಗಾಗಿ ಕಟ್ಟುವುದು ಅವರು, ಬಿಚ್ಚಿಸುವುದು ಇವಳು. ಈ ವರ್ಷ ಬಂದವರು ಚರ್ಚಿನ ಬಾಗಿಲ ಕಲ್ಲಿನಲ್ಲಿ ಹೆಸರಿರುವ ಮನೆಯವರು.

“ತೆನೆ ಕಟ್ತಿದೀರಾ, ಸೌದೆ ಕಟ್ತಿದೀರಾ?” ಎಂದಳು. “ಬಿಚ್ಚಿ.”

ಬಿಚ್ಚಿದರು.